ಶಾಲೆಯ ತಾರಸಿಯ ಮೇಲೊಂದು ಮಳೆಮಾಪಕ: ಮುಂಬಯಿಯ ಕನ್ನಡ ತರಗತಿಗೆ ಪರಿಸರ ಸಂಶೋಧನೆಯನ್ನು ಒಯ್ಯುವವರಿಗೆ ಮಾರ್ಗದರ್ಶಿ

2005ರ ಜುಲೈ 27ರ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ಕೊಲಾಬಾ ವೀಕ್ಷಣಾಲಯದಲ್ಲಿ ಬಿದ್ದದ್ದು 75 ಮಿಲಿಮೀಟರಿಗೂ ಕಡಿಮೆ. ಈ ಎರಡು ಅಂಕಿಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಎಂಟನೆಯ ತರಗತಿಯ ಮಕ್ಕಳನ್ನು ‘ಒಂದೇ ಊರಿನಲ್ಲಿ, ಒಂದೇ ದಿನ, ಇದು ಹೇಗೆ ಸಾಧ್ಯ?’ ಎಂದು ಕೇಳಿ ನೋಡಿ. ಸಮುದ್ರದ ಹತ್ತಿರ ಮಳೆ ಕಡಿಮೆ ಎಂದು ಒಬ್ಬ ಹೇಳುತ್ತಾನೆ. ಬೋರಿವಲಿಯ ಗುಡ್ಡ ಮೋಡವನ್ನು ತಡೆದಿರಬೇಕು ಎಂದು ಇನ್ನೊಬ್ಬಳು ವಾದಿಸುತ್ತಾಳೆ. ಹಿಂದಿನ ಬೆಂಚಿನಿಂದ ‘ಕೊಲಾಬಾದಲ್ಲಿ ಅಳೆದದ್ದೇ ತಪ್ಪಿರಬಹುದಲ್ಲವೇ?’ ಎಂಬ ಪ್ರಶ್ನೆ ಬಂದರೆ ನಿಮ್ಮ ಕೆಲಸ ಅರ್ಧ ಆಯಿತು. ಆ ಮಗು ಅಂಕಿಯನ್ನು ಕಂಠಪಾಠ ಮಾಡುವುದನ್ನು ಬಿಟ್ಟು ಪ್ರಶ್ನಿಸಲು ತೊಡಗಿದೆ.

ಕಲಿನಾದ ವಿಶ್ವವಿದ್ಯಾಲಯದಲ್ಲೋ ಪವಯಿಯ ಐಐಟಿಯಲ್ಲೋ ನಗರದ ಯಾವುದಾದರೂ ಕಾಲೇಜಿನಲ್ಲೋ ಪರಿಸರ ವಿಜ್ಞಾನದ ಸಂಶೋಧನೆ ಮಾಡುತ್ತಿರುವ ಕನ್ನಡಿಗರು ನಮ್ಮಲ್ಲಿದ್ದಾರೆ. ಅದೇ ನಗರದಲ್ಲಿ, ಅವರ ವಿಭಾಗದಿಂದ ಒಂದೆರಡು ರೈಲು ನಿಲ್ದಾಣಗಳಾಚೆ, ಕನ್ನಡದಲ್ಲಿ ವಿಜ್ಞಾನ ಓದುತ್ತಿರುವ ಪ್ರೌಢಶಾಲಾ ಮಕ್ಕಳಿದ್ದಾರೆ. ಇವರಿಬ್ಬರೂ ಭೇಟಿಯಾಗುವುದು ಬಹಳ ಅಪರೂಪ. ಭೇಟಿ ಮಾಡಿಸಬೇಕೆಂದು ಮನಸ್ಸಿರುವ ಸಂಶೋಧಕರಿಗೂ ಅವರನ್ನು ಕರೆಯಬೇಕೆಂದಿರುವ ಶಿಕ್ಷಕರಿಗೂ ಈ ಬರಹ.

ಉಪನ್ಯಾಸ ಬೇಡ, ಪ್ರಶ್ನೆ ಆರಿಸಿ

ವಿಶ್ವವಿದ್ಯಾಲಯದವರು ಶಾಲೆಗೆ ಹೋಗುವುದೆಂದರೆ ಲ್ಯಾಪ್‌ಟಾಪ್ ತುಂಬ ಚಿತ್ರಗಳನ್ನು ಹೊತ್ತುಕೊಂಡು ಹೋಗಿ ಜಾಗತಿಕ ತಾಪಮಾನದ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿ ಬರುವುದು ಎಂಬ ರೂಢಿಯಿದೆ. ಇದನ್ನು ದಯವಿಟ್ಟು ಬಿಡಿ. ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸುವಂತೆ ಸುಪ್ರೀಂ ಕೋರ್ಟ್ 1991ರಲ್ಲೇ ನಿರ್ದೇಶನ ನೀಡಿದೆ. ಗಿಡ ನೆಡಬೇಕು, ಪ್ಲಾಸ್ಟಿಕ್ ಬಿಡಬೇಕು ಎಂಬುದನ್ನು ಮಕ್ಕಳು ಸಣ್ಣ ತರಗತಿಯಿಂದಲೇ ಕೇಳುತ್ತಾ ಬಂದಿದ್ದಾರೆ, ಪರೀಕ್ಷೆಯಲ್ಲಿ ಬರೆದೂ ಇದ್ದಾರೆ. ಒಂದು ಅಂಕಿ ಎಲ್ಲಿಂದ ಬರುತ್ತದೆ, ಅದನ್ನು ಯಾರು ಅಳೆದರು, ಎಷ್ಟು ನಂಬಬಹುದು ಎಂಬುದನ್ನು ಮಾತ್ರ ಅವರಿಗೆ ಯಾರೂ ತೋರಿಸಿಲ್ಲ. ಸಂಶೋಧಕ ಮಾತ್ರ ಕೊಡಬಲ್ಲದ್ದು ಅದೇ.

ಆದ್ದರಿಂದ ನಿಮ್ಮ ಸಂಶೋಧನೆಯ ಫಲಿತಾಂಶವನ್ನು ಬದಿಗಿಟ್ಟು ಅದರೊಳಗಿನ ಒಂದು ಪ್ರಶ್ನೆಯನ್ನು ಹುಡುಕಿ. ಉತ್ತರ ಪಠ್ಯಪುಸ್ತಕದಲ್ಲಿ ಇರಬಾರದು, ನಿಮ್ಮ ಜೇಬಿನಲ್ಲೂ ಇರಬಾರದು. ಶಾಲೆಯ ಆವರಣದೊಳಗೆ, ಕೆಲವು ನೂರು ರೂಪಾಯಿಗಳ ಸಾಮಾನಿನಲ್ಲಿ ಅಳೆಯುವಂತಿರಬೇಕು. ಮಕ್ಕಳು ಅಳೆದದ್ದು ನಿಮಗೆ ಸ್ವಲ್ಪವಾದರೂ ಉಪಯೋಗಕ್ಕೆ ಬರಬೇಕು. ಈ ಕೊನೆಯ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ. ತಮ್ಮ ಅಂಕಿ ನಿಜವಾಗಿಯೂ ಯಾರಿಗೋ ಬೇಕಾಗಿದೆ ಎಂದು ಗೊತ್ತಾದರೆ ಮಕ್ಕಳು ಎಚ್ಚರದಿಂದ ಅಳೆಯುತ್ತಾರೆ. ಬೇಕಾಗಿಲ್ಲ ಎಂದು ಅನ್ನಿಸಿದರೆ ಅದನ್ನೂ ಬೇಗ ಪತ್ತೆ ಹಚ್ಚುತ್ತಾರೆ.

ಮುಂಬಯಿಗೆ ಮಳೆಯಷ್ಟು ಒಳ್ಳೆಯ ಆರಂಭ ಬೇರೆ ಇಲ್ಲ. ಮಳೆ ಪ್ರತಿ ಮಗುವಿನ ಬದುಕಿಗೂ ತಾಗುತ್ತದೆ, ರಜೆ ಕೊಡಿಸುತ್ತದೆ, ರೈಲು ನಿಲ್ಲಿಸುತ್ತದೆ, ಚಾಳಿನೊಳಗೆ ನೀರು ನುಗ್ಗಿಸುತ್ತದೆ. ಕೆಲವೇ ಕಿಲೋಮೀಟರ್ ಅಂತರದಲ್ಲಿ ಅದು ಎಷ್ಟು ಬದಲಾಗುತ್ತದೆ ಎಂಬುದು ಹವಾಮಾನ ವಿಜ್ಞಾನಿಗಳ ನಿಜವಾದ ಪ್ರಶ್ನೆ. 2005ರ ನಂತರ ಮಹಾನಗರ ಪಾಲಿಕೆ ನಗರದಾದ್ಯಂತ ಸ್ವಯಂಚಾಲಿತ ಮಾಪಕಗಳನ್ನು ಇಟ್ಟದ್ದು ಕೂಡ ಇದೇ ಕಾರಣಕ್ಕೆ.

ಯಾರನ್ನು ಕಾಣಬೇಕು, ಯಾವಾಗ

ಬೃಹನ್ಮುಂಬಯಿ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಪಾಲಿಕೆಯ ಶಾಲೆಯಾದರೆ ಶಿಕ್ಷಣ ಇಲಾಖೆಯ ಲಿಖಿತ ಅನುಮತಿ ಬೇಕು. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯಂತಹ ಸಂಸ್ಥೆಗಳ ಶಾಲೆಯಾದರೆ ಮುಖ್ಯೋಪಾಧ್ಯಾಯರು ಮತ್ತು ಆಡಳಿತ ಮಂಡಳಿಯ ಒಪ್ಪಿಗೆ ಸಾಕಾಗುತ್ತದೆ. ಅರ್ಜಿ ಒಂದು ಪುಟ ಮೀರದಿರಲಿ: ಏನು ಮಾಡುತ್ತೇವೆ, ಯಾವ ತರಗತಿ, ಎಷ್ಟು ಅವಧಿ, ಮಕ್ಕಳು ಆವರಣದ ಹೊರಗೆ ಹೋಗುತ್ತಾರೆಯೇ, ಖರ್ಚು ಯಾರದು. ವಿಭಾಗದ ಮುಖ್ಯಸ್ಥರ ಸಹಿಯಿರುವ ಪತ್ರ ಜೊತೆಗಿರಲಿ.

ಆದರೆ ಅರ್ಜಿಗೂ ಮೊದಲು ವಿಜ್ಞಾನ ಶಿಕ್ಷಕಿಯನ್ನು ಭೇಟಿಯಾಗಿ. ಮೇಲಿನಿಂದ ಬಂದ ಆದೇಶದ ಮೂಲಕ ನಿಮ್ಮ ಹೆಸರು ಅವರಿಗೆ ಮೊದಲ ಸಲ ತಿಳಿದರೆ, ನೀವು ಅವರ ವೇಳಾಪಟ್ಟಿಗೆ ಬಂದ ಇನ್ನೊಂದು ಹೊರೆ. ಒಬ್ಬರೇ ಶಿಕ್ಷಕಿ ವಿಜ್ಞಾನ, ಗಣಿತ ಎರಡನ್ನೂ ಕಲಿಸಿ, ಮೇಲೆ ಚುನಾವಣೆ ಕೆಲಸ, ಸಮೀಕ್ಷೆ ಕೆಲಸ ಮಾಡುವ ಶಾಲೆಗಳಿವೆ. ಅವರ ಬಳಿ ‘ಈ ವರ್ಷ ಯಾವ ಪಾಠ ಕಲಿಸುವುದು ಕಷ್ಟವಾಗುತ್ತದೆ?’ ಎಂದು ಕೇಳಿ, ನಿಮ್ಮ ಪ್ರಶ್ನೆಯನ್ನು ಅದಕ್ಕೆ ಜೋಡಿಸಿ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಪುಸ್ತಕಗಳು ಕನ್ನಡದಲ್ಲೂ ಇವೆ. ಒಂದು ಪ್ರತಿ ತಂದು ಓದಿಕೊಳ್ಳಿ. ನೀವು ಬಳಸುವ ಪದಕ್ಕೂ ಪುಸ್ತಕದ ಪದಕ್ಕೂ ವ್ಯತ್ಯಾಸ ಬಂದರೆ ಮಕ್ಕಳು ಪರೀಕ್ಷೆಯಲ್ಲಿ ತೊಂದರೆಗೆ ಸಿಲುಕುತ್ತಾರೆ. ಆರ್ದ್ರತೆ, ಸರಾಸರಿ, ಲವಣಾಂಶ, ಮಳೆಮಾಪಕ ಮುಂತಾದ ಹತ್ತು ಹನ್ನೆರಡು ಪದಗಳ ಪಟ್ಟಿಯನ್ನು ಶಿಕ್ಷಕಿಯೊಂದಿಗೆ ಕುಳಿತು ಮೊದಲೇ ನಿಗದಿ ಮಾಡಿ. ಹವಾಮಾನ ಮುನ್ಸೂಚನೆ ಮರಾಠಿಯಲ್ಲೂ ಬರುವುದರಿಂದ ಪಕ್ಕದಲ್ಲಿ ಮರಾಠಿ ಪದವನ್ನೂ ಬರೆದಿಡಿ.

ತರಗತಿ ಯಾವುದು? ಎಂಟು ಮತ್ತು ಒಂಬತ್ತು. ಹತ್ತನೆಯ ತರಗತಿಯ ವಿಜ್ಞಾನದ ಎರಡನೆಯ ಭಾಗದಲ್ಲಿ ಪರಿಸರ ನಿರ್ವಹಣೆ, ವಿಪತ್ತು ನಿರ್ವಹಣೆಯ ಪಾಠಗಳಿರುವುದು ನಿಜ. ಆದರೆ ಆ ಮಕ್ಕಳ ಮೇಲೆ ಎಸ್‌ಎಸ್‌ಸಿಯ ಭಾರವಿರುತ್ತದೆ, ಪೋಷಕರು ಒಪ್ಪುವುದಿಲ್ಲ, ಒಪ್ಪದಿರುವುದು ಸರಿಯೂ ಹೌದು. ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದಿರುವುದು ದುಃಖದ ಸಂಗತಿ, ಅದಕ್ಕೆ ಸಮಾಧಾನ ಹೇಳಲಾರೆ. ಆದರೆ ಹದಿನೈದು ಇಪ್ಪತ್ತು ಮಕ್ಕಳಿರುವ ತರಗತಿಯಲ್ಲಿ ಪ್ರತಿಯೊಬ್ಬರ ಕೈಗೂ ಅಳತೆಪಟ್ಟಿ ಸಿಗುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ ಇದೇ ಕೆಲಸ ಮಾಡುವುದು ಬಹಳ ಕಷ್ಟ.

ಕಾಲದ ವಿಷಯ: ಜೂನ್ ಮಧ್ಯದಲ್ಲಿ ಶಾಲೆ ತೆರೆಯುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಳೆ. ಗಣೇಶೋತ್ಸವದ ವಾರ ಬಿಟ್ಟುಬಿಡಿ. ದೀಪಾವಳಿ ರಜೆ ಮುಗಿದ ಮೇಲೆ ಡಿಸೆಂಬರ್, ಜನವರಿ ಗಾಳಿಯ ಅಧ್ಯಯನಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಭೇಟಿಗೂ ಸೂಕ್ತ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಹೊತ್ತಿಗೆ ವರದಿ ಸಿದ್ಧವಿರಲಿ. ಆಮೇಲೆ ಪರೀಕ್ಷೆಗಳು.

ಮಾಪಕ ಮಾಡುವುದು

ಎರಡು ಲೀಟರಿನ ತಂಪು ಪಾನೀಯದ ಬಾಟಲಿಗಳನ್ನು ಆರಿಸಿ. ಬದಿ ನೇರವಾಗಿರಬೇಕು, ನಡು ಸಣ್ಣಗಿರುವ ಬಾಟಲಿ ಬೇಡ. ಮೇಲಿನ ಇಳಿಜಾರು ಮುಗಿಯುವಲ್ಲಿ ಕತ್ತರಿಸಿ, ಕತ್ತರಿಸಿದ ಭಾಗವನ್ನು ತಲೆಕೆಳಗಾಗಿ ಬಾಟಲಿಯೊಳಗೆ ಕೂರಿಸಿದರೆ ಆಲಿಕೆಯಾಯಿತು. ಇದರಿಂದ ಒಳಗಿನ ನೀರು ಆವಿಯಾಗುವುದೂ ಹನಿ ಸಿಡಿದು ಹೊರಹೋಗುವುದೂ ಕಡಿಮೆಯಾಗುತ್ತದೆ. ಅಂಚುಗಳಿಗೆ ಟೇಪು ಸುತ್ತಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಕತ್ತರಿಸುವ ಕೆಲಸ ದೊಡ್ಡವರದು.

ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿಂದ ಅಳೆಯುವಂತಿಲ್ಲ. ಕೆಲವು ಕಲ್ಲುಗಳನ್ನು ಹಾಕಿ, ಬದಿ ನೇರವಾಗುವ ಮಟ್ಟದವರೆಗೆ ನೀರು ತುಂಬಿಸಿ, ಅಲ್ಲಿ ಸೊನ್ನೆಯ ಗೆರೆ ಎಳೆಯಿರಿ. ಕಲ್ಲು ಗಾಳಿಗೆ ಬಾಟಲಿ ಉರುಳದಂತೆಯೂ ತಡೆಯುತ್ತದೆ. ಸೊನ್ನೆಯಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿಯನ್ನು ಅಂಟಿಸಿ, ಮೇಲೆ ಪಾರದರ್ಶಕ ಟೇಪು ಹಚ್ಚಿ. ಪ್ರತಿ ಓದಿಕೆಯ ನಂತರ ಮಳೆನೀರನ್ನು ಚೆಲ್ಲಿ, ಸೊನ್ನೆಯ ಗೆರೆಗೆ ಸರಿಯಾಗಿ ನೀರು ನಿಲ್ಲಿಸಿ. ಮಕ್ಕಳು ಮರೆಯುವುದು ಈ ಕೊನೆಯ ಕೆಲಸವನ್ನೇ. ಅದಕ್ಕೇ ಒಬ್ಬರನ್ನು ನೇಮಿಸಿ.

ಆಲಿಕೆಯ ಬಾಯಿಯೂ ಬಾಟಲಿಯ ಒಡಲೂ ಒಂದೇ ಅಗಲವಿದ್ದರೆ ನೀರಿನ ಎತ್ತರವೇ ಮಳೆಯ ಅಳತೆ. ಬೇರೆ ಪಾತ್ರೆ, ಬೇರೆ ಆಲಿಕೆ ಬಳಸಿದರೆ ಲೆಕ್ಕ ಹಾಕಬೇಕು. ಇಲ್ಲಿ ಗಣಿತ ಶಿಕ್ಷಕರನ್ನೂ ಕರೆಯಿರಿ. 10 ಸೆಂಟಿಮೀಟರ್ ವ್ಯಾಸದ ಆಲಿಕೆಯ ಬಾಯಿಯ ವಿಸ್ತೀರ್ಣ ಸುಮಾರು 78.5 ಚದರ ಸೆಂಟಿಮೀಟರ್. ಅಂದರೆ ಒಂದು ಮಿಲಿಮೀಟರ್ ಮಳೆಗೆ 7.85 ಮಿಲಿಲೀಟರ್ ನೀರು ಸೇರುತ್ತದೆ. ವೃತ್ತದ ವಿಸ್ತೀರ್ಣದ ಸೂತ್ರ ಇಷ್ಟು ಬೇಗ ಕೆಲಸಕ್ಕೆ ಬಂದದ್ದನ್ನು ಕಂಡಾಗ ಮಕ್ಕಳ ಮುಖದಲ್ಲಿ ಕಾಣುವ ಬೆರಗು ನನಗೆ ತುಂಬ ಇಷ್ಟ.

ಮಾಪಕವನ್ನು ಎಲ್ಲಿಡಬೇಕು? ಪಕ್ಕದ ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರದಲ್ಲಿಡಬೇಕು ಎಂಬುದು ಸಾಮಾನ್ಯ ನಿಯಮ. ಮುಂಬಯಿಯ ಶಾಲೆಯ ಅಂಗಳದಲ್ಲಿ ಅಂಥ ಜಾಗ ಸಿಗುವುದಿಲ್ಲ, ತಾರಸಿಯೇ ಗತಿ. ತಾರಸಿಯಲ್ಲಿ ಗಾಳಿ ಹೆಚ್ಚು, ಗಾಳಿಗೆ ಹನಿ ಓರೆಯಾಗಿ ಬಿದ್ದು ಅಳತೆ ಕಡಿಮೆ ಬರಬಹುದು. ಇದನ್ನು ಮುಚ್ಚಿಡಬೇಡಿ, ಮಕ್ಕಳಿಗೆ ಹೇಳಿ, ಮಳೆಯ ಅಂಕಿ ಬರೆಯುವ ಪುಸ್ತಕದ ಮೊದಲ ಪುಟದಲ್ಲಿ ಬರೆಸಿ. ಎಲ್ಲ ಶಾಲೆಗಳಲ್ಲೂ ಒಂದೇ ಬಗೆಯ ಬಾಟಲಿ, ಒಂದೇ ಬಗೆಯ ಜಾಗವಿದ್ದರೆ ಹೋಲಿಕೆಗೆ ಅರ್ಥವಿರುತ್ತದೆ. ತಾರಸಿಗೆ ಮಕ್ಕಳು ಒಂಟಿಯಾಗಿ ಹೋಗಬಾರದು, ಗುಡುಗು ಸಿಡಿಲಿರುವಾಗ ಯಾರೂ ಹೋಗಬಾರದು.

ಒಂದೇ ತಾರಸಿಯಲ್ಲಿ ಒಂದೇ ಥರದ ಮೂರು ಮಾಪಕಗಳನ್ನಿಡಿ. ಮರುದಿನ ಒಂದರಲ್ಲಿ 41, ಇನ್ನೊಂದರಲ್ಲಿ 44, ಮತ್ತೊಂದರಲ್ಲಿ 38 ಇದ್ದರೆ ಮಕ್ಕಳು ಗಾಬರಿಯಾಗುತ್ತಾರೆ, ‘ಸರಿಯಾದದ್ದು ಯಾವುದು?’ ಎಂದು ನಿಮ್ಮನ್ನು ಕೇಳುತ್ತಾರೆ. ಆಗ ಉತ್ತರ ಹೇಳಿಬಿಡಬೇಡಿ. ಗೋಡೆಗೆ ಹತ್ತಿರವಿದ್ದದ್ದು ಯಾವುದು, ಓರೆಯಾಗಿ ನಿಂತದ್ದು ಯಾವುದು, ಓದಿದವರು ಕಣ್ಣನ್ನು ನೀರಿನ ಮಟ್ಟಕ್ಕೆ ತಂದಿದ್ದರೇ ಎಂದು ಕೇಳಿ. ಸರಾಸರಿ ಏಕೆ ಬೇಕು, ಏರಿಳಿತವನ್ನು ಏಕೆ ಬರೆಯಬೇಕು ಎಂಬುದು ಆ ಹತ್ತು ನಿಮಿಷದಲ್ಲಿ ತಿಳಿದಷ್ಟು ಯಾವ ಪಾಠದಲ್ಲೂ ತಿಳಿಯುವುದಿಲ್ಲ. ಇಡೀ ಕಾರ್ಯಕ್ರಮದಲ್ಲಿ ಒಂದೇ ಒಂದು ಸಂಗತಿಯನ್ನು ಉಳಿಸಿಕೊಳ್ಳಬೇಕೆಂದರೆ ನಾನು ಈ ಮೂರು ಬಾಟಲಿಗಳನ್ನು ಉಳಿಸಿಕೊಳ್ಳುತ್ತೇನೆ.

ಓದಿಕೆಯ ಹೊತ್ತು ಬೆಳಿಗ್ಗೆ 8.30. ಭಾರತೀಯ ಹವಾಮಾನ ಇಲಾಖೆಯ ದಿನದ ಲೆಕ್ಕವೂ ಅದೇ ಹೊತ್ತಿಗೆ. ಮಧ್ಯಾಹ್ನದ ಪಾಳಿಯ ಶಾಲೆಯಾದರೆ ಹತ್ತಿರದಲ್ಲಿ ವಾಸಿಸುವ ಮಕ್ಕಳ ಕಟ್ಟಡದ ತಾರಸಿಯನ್ನು ಬಳಸಿ, ವಸತಿ ಸೊಸೈಟಿಯ ಕಾರ್ಯದರ್ಶಿಯ ಅನುಮತಿ ಪಡೆದು, ಮನೆಯ ದೊಡ್ಡವರೊಬ್ಬರನ್ನು ಮಗುವಿನ ಜೊತೆ ಕಳುಹಿಸಿ. ಹೊತ್ತು ತಪ್ಪಿದರೆ ಅಂಕಿಯನ್ನು ತಿದ್ದದೆ, ಓದಿದ ಸಮಯವನ್ನು ಹಾಗೆಯೇ ಬರೆಯಲಿ. ಓದದ ದಿನ ಸೊನ್ನೆ ಹಾಕಬಾರದು, ಅಡ್ಡಗೆರೆ ಎಳೆಯಬೇಕು. ಮಳೆ ಬಾರದಿರುವುದೂ ಅಳೆಯದಿರುವುದೂ ಒಂದೇ ಅಲ್ಲ ಎಂದು ಪ್ರತಿ ಶಾಲೆಯಲ್ಲೂ ಹೇಳಲೇಬೇಕಾಗುತ್ತದೆ.

ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಈ ಗೆರೆಗಳನ್ನು ಬಾಟಲಿಯ ಮೇಲೆ ಬಣ್ಣದ ಪೆನ್ನಿನಲ್ಲಿ ಗುರುತಿಸಲು ಹೇಳಿ. ಕೊನೆಯ ಗೆರೆ ಬಾಟಲಿಯ ಹೊರಗೇ ಹೋಗುತ್ತದೆ! 944 ಮಿಲಿಮೀಟರ್ ಅಳೆಯಲು ಎಷ್ಟು ಎತ್ತರದ ಪಾತ್ರೆ ಬೇಕೆಂದು ಕೇಳಿ, ಗೋಡೆಯ ಮೇಲೆ ಅಷ್ಟು ಎತ್ತರಕ್ಕೆ ಗೆರೆ ಎಳೆಯಿಸಿ. ಮಕ್ಕಳು ಅದರ ಪಕ್ಕ ನಿಂತು ನೋಡಿಕೊಳ್ಳಲಿ. ಭಾರಿ ಮಳೆಯ ಮುನ್ಸೂಚನೆಯಿದ್ದಾಗ ಸಂಜೆಯೂ ಒಮ್ಮೆ ಓದಿ ಖಾಲಿ ಮಾಡಿದರೆ ಬಾಟಲಿ ತುಂಬಿ ಹರಿಯುವುದಿಲ್ಲ.

ವಾರಕ್ಕೊಮ್ಮೆ ಎಲ್ಲ ಶಾಲೆಗಳ ಅಂಕಿಗಳನ್ನು ಒಂದು ನಕ್ಷೆಯ ಮೇಲೆ ಬರೆಯಿರಿ. ವಡಾಲ, ಘಾಟ್ಕೋಪರ್, ಮಲಾಡ್, ಡೊಂಬಿವಿಲಿಯಂತೆ ಕನ್ನಡಿಗರು ಚದುರಿ ನೆಲೆಸಿರುವುದು ಇಲ್ಲಿ ವರವಾಗಿ ಬರುತ್ತದೆ. ಸಾಂತಾಕ್ರೂಜ್ ಮತ್ತು ಕೊಲಾಬಾದ ಅಂಕಿಗಳನ್ನೂ ಸೇರಿಸಿ. ಸಮಾನ ಮಳೆಯ ಜಾಗಗಳನ್ನು ಗೆರೆಯಿಂದ ಸೇರಿಸುವುದನ್ನು ಭೂಗೋಳದ ಶಿಕ್ಷಕರು ಕಲಿಸುತ್ತಾರೆ. ಇನ್ನೊಂದು ಲೆಕ್ಕವನ್ನೂ ಮಾಡಿಸಿ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್. 200 ಚದರ ಮೀಟರ್ ತಾರಸಿಯ ಮೇಲೆ 100 ಮಿಲಿಮೀಟರ್ ಬಿದ್ದರೆ 20,000 ಲೀಟರ್. ಅಷ್ಟು ನೀರು ಯಾವ ಕೊಳವೆಯಲ್ಲಿ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಹುಡುಕುತ್ತಾ ಹೋದರೆ ಮೋರಿ, ನಾಲೆ, ಮೀಠಿ ನದಿ, ಮಾಹಿಮ್ ಕೊಲ್ಲಿ ಎಲ್ಲವೂ ಬರುತ್ತವೆ. ಸಮುದ್ರ ಭರತದಲ್ಲಿದ್ದಾಗ ನೀರು ಹೊರಗೆ ಹೋಗಲಾರದು, 2005ರಲ್ಲಿ ಆದದ್ದು ಅದೂ ಹೌದು. ವಿಹಾರ್ ಮತ್ತು ಪವಯಿ ಕೆರೆಗಳ ಕೋಡಿ ನೀರು ಮೀಠಿಯ ಮೂಲವೆಂಬುದು ಅದರ ದಂಡೆಯಲ್ಲೇ ವಾಸಿಸುವ ಮಕ್ಕಳಿಗೂ ಹೊಸ ಸುದ್ದಿಯಾಗಿರುತ್ತದೆ.

ಮೊದಲ ದಿನದ ನಲವತ್ತು ನಿಮಿಷ

ವೇದಿಕೆ, ಹೂಗುಚ್ಛ, ಸ್ವಾಗತ ಭಾಷಣ ಬೇಡವೆಂದು ಮುಖ್ಯೋಪಾಧ್ಯಾಯರಿಗೆ ವಿನಯದಿಂದ ಮೊದಲೇ ತಿಳಿಸಿ. ಅತಿಥಿಗೆ ಶಾಲು ಹೊದಿಸುವುದು ನಮ್ಮವರ ಪ್ರೀತಿಯ ರೀತಿ, ಆದರೆ ಒಂದು ಅವಧಿ ಅದರಲ್ಲೇ ಮುಗಿಯುತ್ತದೆ. ಶಿಕ್ಷಕಿ ನಿಮ್ಮನ್ನು ಒಂದು ವಾಕ್ಯದಲ್ಲಿ ಪರಿಚಯಿಸಲಿ. ಐದು ನಿಮಿಷ ಕರಿಹಲಗೆಯ ಮೇಲಿನ ಆ ಎರಡು ಅಂಕಿಗಳು. ಹತ್ತು ನಿಮಿಷ ಮಕ್ಕಳ ಊಹೆಗಳು; ಎಲ್ಲವನ್ನೂ ಬರೆಯಿರಿ, ಯಾವುದನ್ನೂ ತಪ್ಪೆನ್ನಬೇಡಿ. ಉಳಿದ ಹೊತ್ತು ಬಾಟಲಿ, ಪಟ್ಟಿ, ನೀರು. ಶಿಕ್ಷಕಿ ತರಗತಿ ಬಿಟ್ಟು ಹೋಗಬಾರದು. ಮಕ್ಕಳ ಸುರಕ್ಷತೆಗೂ ಅದು ಅಗತ್ಯ, ನೀವು ಹೋದ ಮೇಲೆ ಕೆಲಸ ಮುಂದುವರಿಯುವುದಕ್ಕೂ ಅಗತ್ಯ.

ನಿಮಗೆ ಗೊತ್ತಿಲ್ಲದ ಪ್ರಶ್ನೆ ಬಂದೇ ಬರುತ್ತದೆ. ‘ನನಗೆ ತಿಳಿಯದು, ಹೇಗೆ ತಿಳಿದುಕೊಳ್ಳಬಹುದು ನೋಡೋಣ’ ಎಂದು ಹೇಳಿ, ಪ್ರಶ್ನೆಯನ್ನು ಬರೆದುಕೊಂಡು, ಮುಂದಿನ ಸಲ ಉತ್ತರದೊಂದಿಗೆ ಬನ್ನಿ. ಪಿಎಚ್‌ಡಿ ಮಾಡುತ್ತಿರುವವರು ಗೊತ್ತಿಲ್ಲ ಎನ್ನುವುದನ್ನು ಮಕ್ಕಳು ಕೇಳಬೇಕು.

ಚಳಿಗಾಲದ ಗಾಳಿ

ಡಿಸೆಂಬರ್ ಹೊತ್ತಿಗೆ ವಿಷಯ ಬದಲಿಸಿ. ಮುಂಬಯಿಯಲ್ಲಿ ಹಗಲಿನ ಕಡಲಗಾಳಿ ಹೊಗೆಯನ್ನು ಚದುರಿಸುತ್ತದೆ. ಚಳಿಗಾಲದ ರಾತ್ರಿ ಮತ್ತು ಮುಂಜಾನೆ ನೆಲದ ಮೇಲಿನ ತಂಪು ಗಾಳಿಯ ಪದರ ಅದನ್ನು ಕೆಳಗೇ ಹಿಡಿದಿಡುತ್ತದೆ. 2.5 ಮೈಕ್ರೊಮೀಟರಿಗಿಂತ ಸಣ್ಣ ಕಣಗಳಿಗೆ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. 10 ಮೈಕ್ರೊಮೀಟರ್‌ವರೆಗಿನ ಕಣಗಳಿಗೆ 100.

ದಪ್ಪ ಬಿಳಿ ರಟ್ಟಿನ ಮೇಲೆ ಒಂದು ಸೆಂಟಿಮೀಟರಿನ ಚೌಕಗಳನ್ನು ಎಳೆದು, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ರಸ್ತೆ ಬದಿಯ ಕಿಟಕಿ, ಒಳಗಿನ ಮೊಗಸಾಲೆ, ತಾರಸಿ, ಮೂರು ಕಡೆ ಕಟ್ಟಿ. ನಾಲ್ಕನೆಯದನ್ನು ಮುಚ್ಚಿದ ಡಬ್ಬಿಯಲ್ಲಿಡಿ. ಹೋಲಿಕೆಗೆ ಅದೇ ಆಧಾರ, ಅದಿಲ್ಲದಿದ್ದರೆ ಉಳಿದ ಮೂರಕ್ಕೆ ಅರ್ಥವಿಲ್ಲ. ಎರಡು ಮೂರು ದಿನ ಬಿಟ್ಟು ಭೂತಗನ್ನಡಿಯಲ್ಲಿ ಎಣಿಸಿ. ಎಲ್ಲ ಚೌಕಗಳನ್ನು ಎಣಿಸಲಾಗದು. ಮಕ್ಕಳಿಗೆ ಬಿಟ್ಟರೆ ಹೆಚ್ಚು ಕೊಳೆಯಾದ ಚೌಕವನ್ನೇ ಆರಿಸುತ್ತಾರೆ. ಚೀಟಿ ಎತ್ತಿ ಐದು ಚೌಕಗಳನ್ನು ಆರಿಸಲು ಹೇಳಿ, ಏಕೆ ಹಾಗೆ ಎಂದು ಚರ್ಚಿಸಿ.

ಈ ರಟ್ಟಿಗೆ ಅಂಟುವುದು ಕಣ್ಣಿಗೆ ಕಾಣುವ ದೊಡ್ಡ ಧೂಳು ಮಾತ್ರ. ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣ ಇಲ್ಲಿ ಕಾಣಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಅದಕ್ಕೆ ನಿಮ್ಮ ವಿಭಾಗದ ಸಣ್ಣ ಸಂವೇದಕವನ್ನು (ಸೆನ್ಸರ್) ತನ್ನಿ. ಅಗ್ಗದ ಸಂವೇದಕಗಳು ತೇವ ಹೆಚ್ಚಿದ್ದಾಗ ನೀರು ಹೀರಿ ಉಬ್ಬಿದ ಕಣಗಳನ್ನು ಎಣಿಸಿ ಅಂಕಿಯನ್ನು ಏರಿಸಿ ತೋರಿಸುತ್ತವೆ, ಮುಂಬಯಿಯಲ್ಲಿ ಇದು ದೊಡ್ಡ ತೊಡಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಟಿಸುವ ಹತ್ತಿರದ ಕೇಂದ್ರದ ಅಂಕಿಯೊಂದಿಗೆ ಹೋಲಿಸಿ ನೋಡಲು ಕಲಿಸಿ. ಯಂತ್ರವೂ ತಪ್ಪಬಹುದು ಎಂಬುದನ್ನು ಹದಿಮೂರು ವರ್ಷಕ್ಕೇ ತಿಳಿದವರು ಮುಂದೆ ಮೊಬೈಲಿಗೆ ಬಂದ ಪ್ರತಿ ಅಂಕಿಯನ್ನೂ ನಂಬಿ ಹೆದರುವುದಿಲ್ಲ, ಕಡೆಗಣಿಸುವುದೂ ಇಲ್ಲ.

ರಾತ್ರಿ ಶಾಲೆಗಳಿಗೆ ಒಂದು ಮಾತು

ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿದ ಹುಡುಗರನ್ನು ಓದಿಸಿದ ಕನ್ನಡ ರಾತ್ರಿ ಶಾಲೆಗಳ ಪರಂಪರೆ ಈ ನಗರದ್ದು. ಹಗಲಿಡೀ ಕೆಲಸ ಮಾಡಿ ಬಂದವರ ಮುಂದೆ ಬೆಳಗಿನ ಮಳೆಯ ಓದಿಕೆ ನಡೆಯುವುದಿಲ್ಲ. ಅವರಿಗೆ ಶಬ್ದವನ್ನು ಆರಿಸಿ. ಮೊಬೈಲಿನ ಶಬ್ದಮಾಪಕ ಸಾಕು. ಎಲ್ಲ ಮೊಬೈಲುಗಳನ್ನೂ ಮೊದಲು ಒಂದೇ ಮೇಜಿನ ಮೇಲಿಟ್ಟು ವ್ಯತ್ಯಾಸ ಬರೆದುಕೊಳ್ಳಿ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿಯ ಲೆಕ್ಕ ಹತ್ತು ಗಂಟೆಯಿಂದ. ಅಡುಗೆಮನೆಯ ಬಿಸಿಯನ್ನು ಅಳೆಯುವುದೂ ಒಳ್ಳೆಯ ವಿಷಯವೇ. ಒಣ ಥರ್ಮಾಮೀಟರ್ ಒಂದು, ಒದ್ದೆ ಬಟ್ಟೆ ಸುತ್ತಿದ್ದು ಇನ್ನೊಂದು. ಆದರೆ ಮಾಲೀಕರ ಒಪ್ಪಿಗೆಯಿಲ್ಲದೆ ಹುಡುಗರನ್ನು ಇದಕ್ಕೆ ಹಚ್ಚಬೇಡಿ, ತೊಂದರೆಯಾಗುವುದು ಅವರ ಕೆಲಸಕ್ಕೆ.

ಕಾಂಡ್ಲಾ ಕಾಡಿಗೆ ಹೋಗುವಾಗ

ಠಾಣೆ ಕೊಲ್ಲಿಯ ಫ್ಲೆಮಿಂಗೊ ಅಭಯಾರಣ್ಯಕ್ಕೆ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್‌ಸಾರ್ ಮಾನ್ಯತೆ ಸಿಕ್ಕಿದೆ. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕಾಂಡ್ಲಾ ವಿಭಾಗ ನಡೆಸುವ ಕರಾವಳಿ ಜೀವವೈವಿಧ್ಯ ಕೇಂದ್ರವಿದೆ. ಮೊದಲ ಭೇಟಿಗೆ ಅದೇ ಸುರಕ್ಷಿತ. ಭರತ ಇಳಿತದ ವೇಳಾಪಟ್ಟಿ ನೋಡಿಯೇ ದಿನ ಗೊತ್ತು ಮಾಡಿ. ಇಳಿತದಲ್ಲಿ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳು ಕಾಣುತ್ತವೆ, ಭರತದಲ್ಲಿ ಏನೂ ಕಾಣುವುದಿಲ್ಲ. ಎಲೆಯ ಮೇಲಿನ ಉಪ್ಪಿನ ಹರಳನ್ನು ಭೂತಗನ್ನಡಿಯಲ್ಲಿ ತೋರಿಸಿ. ಉಪ್ಪುನೀರಿನಲ್ಲಿ ಗಿಡ ಹೇಗೆ ಬದುಕುತ್ತದೆ ಎಂಬ ಪ್ರಶ್ನೆಗೆ ಅಲ್ಲಿಂದ ದಾರಿಯಿದೆ. ಕುಂದಾಪುರ, ಉಡುಪಿ ಕಡೆಯ ಅಜ್ಜ ಅಜ್ಜಿಯರಿರುವ ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬಂದರೆ ಹೊಳೆಬದಿಯ ಕಾಂಡ್ಲಾ ಗಿಡಗಳ ಬಗ್ಗೆ ನಿಮಗಿಂತ ಹೆಚ್ಚು ಹೇಳುತ್ತಾರೆ.

ಮಳೆಗಾಲದಲ್ಲಿ ಮಕ್ಕಳನ್ನು ನಾಲೆ, ನದಿ, ನಿಂತ ನೀರಿನ ಹತ್ತಿರ ಒಯ್ಯಲೇಬೇಡಿ. ನೆರೆನೀರಿನಲ್ಲಿ ನಡೆದವರಿಗೆ ಇಲಿಜ್ವರ ಬರುವುದು ಈ ನಗರಕ್ಕೆ ಪ್ರತಿವರ್ಷದ ಅನುಭವ. ಮೀಠಿಯ ನೀರನ್ನು ತೋರಿಸಬೇಕಿದ್ದರೆ ನೀವೇ ಮುಚ್ಚಿದ ಬಾಟಲಿಯಲ್ಲಿ ತನ್ನಿ. ನಲ್ಲಿಯ ನೀರಿಗೆ ಟಿಡಿಎಸ್ ಮೀಟರ್ ಹಿಡಿದು ‘ಶುದ್ಧ’ ಎಂದು ಘೋಷಿಸುವ ಪ್ರದರ್ಶನವೂ ಬೇಡ. ಅದು ಕರಗಿದ ಲವಣವನ್ನು ಅಳೆಯುತ್ತದೆಯೇ ಹೊರತು ರೋಗಾಣುಗಳನ್ನಲ್ಲ.

ಹಣ, ಒಪ್ಪಿಗೆ, ಭಾವಚಿತ್ರ

ಬಾಟಲಿ, ಟೇಪು, ಭೂತಗನ್ನಡಿ, ಪುಸ್ತಕ, ಪ್ರಯಾಣ ಎಲ್ಲ ಸೇರಿದರೂ ದೊಡ್ಡ ಮೊತ್ತವಲ್ಲ. ನಮ್ಮ ಕನ್ನಡ ಸಂಘಗಳು ಪ್ರತಿವರ್ಷ ಪ್ರತಿಭಾ ಪುರಸ್ಕಾರಕ್ಕೆ ಖರ್ಚು ಮಾಡುತ್ತವೆ. ಅದರ ಒಂದು ಪಾಲನ್ನು ಇದಕ್ಕೆ ಕೇಳಿ, ಕೊಡುತ್ತಾರೆ. ಪ್ರತಿ ಮಗುವಿನ ಪೋಷಕರಿಂದ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಪಡೆಯಿರಿ; ಮರಾಠಿ ಅಥವಾ ಹಿಂದಿಯ ಪ್ರತಿಯೂ ಇರಲಿ. ಮಗುವಿನ ಮುಖ, ಹೆಸರು, ವಿಳಾಸ ಜಾಲತಾಣಕ್ಕೆ ಹೋಗುವುದಾದರೆ ಪ್ರತ್ಯೇಕ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಅನುಮತಿಯನ್ನು ಕೇಳುತ್ತದೆ. ಮಳೆಯ ಅಂಕಿಯ ಜೊತೆ ಶಾಲೆಯ ಹೆಸರಿದ್ದರೆ ಸಾಕು.

ಅಂಕಿ ಮರಳಿ ಬರಬೇಕು

ವಿಶ್ವವಿದ್ಯಾಲಯದವರು ಬರುತ್ತಾರೆ, ಪ್ರಶ್ನಾವಳಿ ತುಂಬಿಸುತ್ತಾರೆ, ಹೋಗುತ್ತಾರೆ, ಆಮೇಲೆ ಸುದ್ದಿಯಿಲ್ಲ ಎಂದು ಶಿಕ್ಷಕರು ಹೇಳುವುದನ್ನು ನಾನು ಹಲವು ಶಾಲೆಗಳಲ್ಲಿ ಕೇಳಿದ್ದೇನೆ. ಅವರ ಬೇಸರ ನ್ಯಾಯವಾದದ್ದು. ಮಳೆಗಾಲ ಮುಗಿದು ಒಂದು ತಿಂಗಳೊಳಗೆ ಎರಡು ಪುಟದ ಕನ್ನಡ ವರದಿಯನ್ನು ಕೊಂಡೊಯ್ಯಿರಿ: ನಕ್ಷೆ, ಪ್ರತಿ ಶಾಲೆಯ ಒಟ್ಟು ಮಳೆ, ಮಾಪಕಗಳ ನಡುವಿನ ಏರಿಳಿತ, ಯಾವ ಅಂಕಿಗಳನ್ನು ಬಿಟ್ಟಿರಿ ಮತ್ತು ಏಕೆ ಬಿಟ್ಟಿರಿ. ಬಿಟ್ಟ ಅಂಕಿಯ ಕಾರಣವನ್ನು ಆ ಮಕ್ಕಳ ಎದುರೇ ವಿವರಿಸಿ, ಅವರು ಒಪ್ಪದಿದ್ದರೆ ಚರ್ಚಿಸಿ. ಆಮೇಲೆ ಅವರನ್ನು ನಿಮ್ಮ ವಿಭಾಗಕ್ಕೆ ಕರೆಸಿ, ಭಿತ್ತಿಪತ್ರದ ಮುಂದೆ ಅವರೇ ನಿಂತು ನಿಮ್ಮ ಸಹೋದ್ಯೋಗಿಗಳಿಗೆ ವಿವರಿಸಲಿ. ಕನ್ನಡ ಬಾರದವರಿಗೆ ನೀವು ಅನುವಾದಿಸಿ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ 10ರಿಂದ 17 ವರ್ಷದ ಮಕ್ಕಳು ಇಂಥದೇ ಸ್ಥಳೀಯ ಅಧ್ಯಯನಗಳನ್ನು ಕಳುಹಿಸುತ್ತಾರೆ. ಶಿಕ್ಷಕಿಗೆ ಇಷ್ಟವಿದ್ದರೆ ಅದಕ್ಕೂ ಸಿದ್ಧಪಡಿಸಬಹುದು.

ಮಕ್ಕಳು ಏನು ಕಲಿತರು ಎಂದು ತಿಳಿಯಲು ಅಂಕದ ಪರೀಕ್ಷೆ ಇಡಬೇಡಿ. ಪತ್ರಿಕೆಯಲ್ಲಿ ಬಂದ ಒಂದು ಮಳೆಯ ಸುದ್ದಿಯನ್ನು ಮೊದಲ ದಿನವೂ ಕೊನೆಯ ದಿನವೂ ಕೊಟ್ಟು, ‘ಇದನ್ನು ಬರೆದವರಿಗೆ ನೀವು ಕೇಳುವ ಪ್ರಶ್ನೆಗಳೇನು?’ ಎಂದು ಬರೆಸಿ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಶಿಕ್ಷಕಿಯೊಂದಿಗೆ ಓದಿ.

ಮುಂದಿನ ಜೂನ್‌ಗೆ

ಸಂಶೋಧನಾ ವಿದ್ಯಾರ್ಥಿ ಪದವಿ ಮುಗಿಸಿ ಹೋಗುತ್ತಾನೆ, ಶಿಕ್ಷಕಿಗೆ ವರ್ಗವಾಗುತ್ತದೆ. ಹಾಗಾಗಿ ಮಳೆಯ ಪುಸ್ತಕ ಯಾರೊಬ್ಬರ ಕೈಯಲ್ಲೂ ಇರದೆ ಶಾಲೆಯ ಗ್ರಂಥಾಲಯದ ದಾಖಲೆಯಲ್ಲಿ ಸೇರಲಿ. ಏಪ್ರಿಲ್ ಮುಗಿಯುವ ಮೊದಲು ಒಂಬತ್ತನೆಯವರು ಎಂಟನೆಯವರಿಗೆ ಮಾಪಕ ಮಾಡುವುದನ್ನೂ ಸೊನ್ನೆಯ ಗೆರೆಗೆ ನೀರು ನಿಲ್ಲಿಸುವುದನ್ನೂ ತೋರಿಸಿ ಕೊಡಲಿ. ಬಿಸಿಲಿಗೆ ಪ್ಲಾಸ್ಟಿಕ್ ಸೀಳುವುದರಿಂದ ಬಾಟಲಿಗಳನ್ನು ಪ್ರತಿವರ್ಷ ಹೊಸದಾಗಿ ಮಾಡಬೇಕು. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11, ಶಾಲೆ ತೆರೆಯುವುದು ಅದರ ನಂತರ. ಮೊದಲ ಮಳೆಯ ಅಂಕಿ ತಪ್ಪಬಾರದೆಂದಿದ್ದರೆ ಮೇ ತಿಂಗಳಲ್ಲೇ ಮಾಪಕಗಳನ್ನು ತಾರಸಿಗೇರಿಸಿ, ಶಾಲೆಯ ಸಿಪಾಯಿಗೆ ಓದುವ ಕ್ರಮ ಹೇಳಿಕೊಟ್ಟು, ತಾರಸಿಯ ಬೀಗದ ಕೈ ಅವರ ಬಳಿಯೇ ಇದೆಯೆಂದು ಖಚಿತಪಡಿಸಿಕೊಳ್ಳಿ. ದಾಖಲೆಯಲ್ಲಿ ಆ ದಿನಗಳ ಓದಿಕೆಯ ಮುಂದೆ ಅವರ ಸಹಿಯೂ ಇರಲಿ.